ಗೋಡೆಯ ಬುಡದಲ್ಲಿ ಉಪಚಾರ

ನನ್ನ ಬಾಲ್ಕನಿಯ ಮೂಲೆಯಲ್ಲಿ ಒಂದು ಜೊತೆ ಶೂ ಇದೆ. ತೊಳೆದಾಗಿದೆ, ಬಿಸಿಲಿಗೆ ಇಟ್ಟಾಗಿದೆ, ಹಳೆಯ ಟೂತ್‌ಬ್ರಷ್ ಹಿಡಿದು ಲೇಸಿನ ತೂತುಗಳನ್ನೂ ಉಜ್ಜಿಯಾಗಿದೆ. ಆದರೂ ಎತ್ತಿ ಕೊಡವಿದರೆ ಎಲ್ಲಿಂದಲೋ ಒಂದು ಚಿಟಿಕೆ ಮಣ್ಣು ಉದುರುತ್ತದೆ. ಅದು ಸಿಡ್ನಿಯ ಮಣ್ಣಲ್ಲ. ಮೆಲ್ಬರ್ನಿನ ಆಚೆ, ದನ ಮೇಯುವ ಯಾವುದೋ ಗುಡ್ಡದ ಮಣ್ಣು. ಒಣಗಿದಾಗ ಬಿಸ್ಕತ್ತಿನ ಬಣ್ಣ, ನೆನೆದಾಗ ಹುರುಳಿ ಕಟ್ಟಿನ ಬಣ್ಣ. ಎಸೆದುಬಿಡೋಣ ಎಂದು ಕಸದ ಡಬ್ಬಿಯವರೆಗೆ ಒಯ್ದಿದ್ದೇನೆ, ವಾಪಸು ತಂದಿದ್ದೇನೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲೇ ಎರಡು ಸಲ ಎದ್ದುಹೋಗಿ ಅದನ್ನು ನೋಡಿಕೊಂಡು ಬಂದೆ. ಶೂ ಇದ್ದಲ್ಲೇ ಇದೆ. ಇದ್ದಲ್ಲಿ ಇರಲಾಗದವಳು ನಾನು.

ಹಾಗೆಂದ ಮಾತ್ರಕ್ಕೆ ನನ್ನನ್ನು ಚಟುವಟಿಕೆಯ ಹುಡುಗಿ ಎಂದುಕೊಳ್ಳಬೇಡಿ. ನನ್ನದು ಯಾರಿಗೂ ಉಪಯೋಗವಿಲ್ಲದ ಚಡಪಡಿಕೆ. ಸಿನಿಮಾ ನೋಡುತ್ತ ನಡುವೆ ಎದ್ದು ಚಮಚಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಡುತ್ತೇನೆ. ಬಾಗಿಲು ಹಾಕಿದ್ದೇನೆಯೇ ಎಂದು ಲಿಫ್ಟಿನಿಂದ ವಾಪಸು ಬರುತ್ತೇನೆ. ಕೂತರೆ ಬಲಗಾಲು ತಾನೇ ತಾನಾಗಿ ಕುಣಿಯುತ್ತದೆ. ಮ್ಯಾಕ್ವೆರಿ ಪಾರ್ಕ್‌ನ ಔಷಧಿ ಕಂಪನಿಯೊಂದರಲ್ಲಿ ನನ್ನ ಕೆಲಸವೂ ಇದಕ್ಕೆ ಹೊಂದುವಂಥದೇ: ಬೇರೆಯವರು ತುಂಬಿಸಿಟ್ಟ ಅಂಕಿಗಳಲ್ಲಿ ತಪ್ಪಿದ ಚುಕ್ಕಿಯನ್ನು ಹುಡುಕುವುದು. ಚುಕ್ಕಿ ಸಿಗುವವರೆಗೆ ಸಮಾಧಾನವಿಲ್ಲ, ಸಿಕ್ಕ ಮೇಲೆ ಇನ್ನೊಂದು ಇರಬಹುದು ಎಂಬ ಅನುಮಾನ. ಮೆಟ್ರೋ ರೈಲಿನಲ್ಲಿ ಕಂಬಿ ಹಿಡಿದ ಕೈಯನ್ನು ಇಳಿದ ತಕ್ಷಣ ಒರೆಸಿಕೊಳ್ಳುವವಳು ನಾನು. ಇಂಥವಳು ಒಂದು ಶನಿವಾರ ಬೆಳಿಗ್ಗೆ, ಬೇಕೆಂದೇ, ಎದೆಯವರೆಗೆ ಕೆಸರಿಗೆ ಇಳಿದಳು ಎಂದರೆ ನೀವು ಕಾರಣ ಕೇಳುತ್ತೀರಿ.

ಹೊರಗಿನ ಕಾರಣ ಕೆಲ್ಲಿ. ನನ್ನ ತಂಡದ ಮುಖ್ಯಸ್ಥೆ. ಅಡೆತಡೆಗಳ ಕೆಸರು ಓಟಕ್ಕೆ ಆಫೀಸಿನಿಂದ ಒಂದು ಗುಂಪು ಮೆಲ್ಬರ್ನಿಗೆ ಹೊರಟಿತ್ತು, ಕೊನೆಯ ಗಳಿಗೆಯಲ್ಲಿ ಒಬ್ಬರು ತಪ್ಪಿಸಿಕೊಂಡಿದ್ದರು. ನನಗೆ ಓಡಲು ಬರುವುದಿಲ್ಲ ಎಂದು ನಾನು ಹೇಳಿದೆ. "ಅಲ್ಲಿ ಯಾರೂ ಓಡಲ್ಲ ಅನು, ಎಲ್ಲರೂ ಜಾರ್ತಾರೆ ಅಷ್ಟೇ" ಎಂದಳು.

ಒಳಗಿನ ಕಾರಣ ಬೇರೆ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ, ಅಮ್ಮನ ತಂಗಿ. ಮೂವತ್ತು ವರ್ಷ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆಯ ಡಾಕ್ಟರಾಗಿದ್ದು ನಿವೃತ್ತರಾದವರು. ನಾನು ಓದಲು ಈ ದೇಶಕ್ಕೆ ಬಂದಾಗ ಮೊದಲ ವರ್ಷ ಅವರ ಮನೆಯಲ್ಲೇ ಇದ್ದೆ. ಆ ವರ್ಷ ಅವರು ನನಗೆ ಏನು ಬೇಕೆಂದು ಒಂದು ದಿನವೂ ಕೇಳಲಿಲ್ಲ. ಕೇಳುವ ಮೊದಲೇ ಅದು ನನ್ನ ಮೇಜಿನ ಮೇಲೆ ಇರುತ್ತಿತ್ತು. ಈಗ ಅವರ ಎಡ ಮಂಡಿಗೆ ಆಪರೇಷನ್ ಎಂದು ಗೊತ್ತಾಗಿತ್ತು, ಬರುವ ತಿಂಗಳು. ಫೋನಿನಲ್ಲಿ ನಾನು, "ರಜಾ ಹಾಕಿ ಬರ್ತೀನಿ ಚಿಕ್ಕಮ್ಮ" ಎಂದೆ. ಅವರು, "ಬೇಡ ಕಣೇ, ಕೆಲಸ ಬಿಟ್ಕೊಂಡು ಯಾಕೆ ಬರ್ತೀಯ. ನಿಮ್ಮ ಚಿಕ್ಕಪ್ಪ ಇದಾರಲ್ಲ" ಎಂದರು. ನಾನು "ಸರಿ ಹಾಗಾದ್ರೆ" ಎಂದೆ.

ಫೋನಿಟ್ಟ ಕೂಡಲೇ ಆ 'ಸರಿ' ನನ್ನನ್ನು ಕಡಿಯತೊಡಗಿತು. ಚಿಕ್ಕಪ್ಪ ಇದ್ದಾರೆ, ನಿಜ. ಬಹಳ ಒಳ್ಳೆಯವರು. ಆದರೆ ಕಿವಿಯ ಮೆಷಿನ್ನನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುವುದೊಂದು ಬಾಕಿ, ಅಷ್ಟು ಜೋಪಾನ ಮಾಡುತ್ತಾರೆ. ಬೆರಳು ಕೊಯ್ದು ರಕ್ತ ಬಂದರೆ ತಲೆಸುತ್ತಿ ಕುರ್ಚಿ ಹುಡುಕುತ್ತಾರೆ. ಮಗ ಪರ್ತ್‌ನಲ್ಲಿ, ಅವನ ಮನೆಯಲ್ಲಿ ಆಗಷ್ಟೇ ಹುಟ್ಟಿದ ಮಗು. ಹಾಗಾದರೆ ಆಪರೇಷನ್ ಆದ ಹೆಂಗಸನ್ನು ಮಂಚದಿಂದ ಬಚ್ಚಲಿಗೆ ಕರೆದೊಯ್ಯುವವರು ಯಾರು? ಚಿಕ್ಕಮ್ಮ ಅಂದ 'ಬೇಡ' ಬಾಯಿಯದೋ ಮನಸ್ಸಿನದೋ? ಫೋನಿನಲ್ಲಿ ಅದು ತಿಳಿಯುವುದಿಲ್ಲ. ಮುಖ ನೋಡಬೇಕು. ಮುಖ ನೋಡಲೆಂದೇ ಬಂದೆ ಎಂದರೆ ಅವರು ಬಾಗಿಲಲ್ಲೇ ನನ್ನನ್ನು ವಾಪಸು ಕಳಿಸುವ ಜಾತಿ. ಆದ್ದರಿಂದ ಕೆಸರು ಓಟ. ಒಂದು ಪ್ರಶ್ನೆ ಕೇಳುವುದಕ್ಕಾಗಿ ಇಷ್ಟು ಮಣ್ಣು ಮೆತ್ತಿಕೊಂಡವರು ಬೇರೆ ಯಾರಾದರೂ ಇದ್ದರೆ ಅವರನ್ನು ಭೇಟಿಯಾಗುವ ಆಸೆಯಿದೆ ನನಗೆ.

ಇನ್ನು ಓಟದ ವಿಚಾರ. ಮೊದಲ ಹೊಂಡದ ಅಂಚಿನಲ್ಲಿ ನಿಂತು ನಾನು ಮಾಡಿದ ಮೊದಲ ಕೆಲಸ, ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು ಮಂಡಿಯ ಮೇಲಕ್ಕೆ ಎತ್ತಿಕೊಂಡದ್ದು. ಮಳೆ ಬಂದು ನಿಂತ ನೀರು ದಾಟುವಾಗ ಅಮ್ಮ ಸೀರೆಯ ನೆರಿಗೆ ಎತ್ತಿಕೊಳ್ಳುವ ಹಾಗೆ. ಹೊಂಡದ ಆಳ ನನ್ನ ಎದೆಯಷ್ಟಿತ್ತು. ಕೆಲ್ಲಿ ಅದನ್ನು ನೋಡಿ ನಗಲು ಶುರುಮಾಡಿದವಳು ಮೂರನೇ ಹೊಂಡದವರೆಗೂ ನಗುತ್ತಲೇ ಇದ್ದಳು. ಜೇಬಿನಲ್ಲಿ ಟಿಶ್ಯೂ ಇಟ್ಟುಕೊಂಡಿದ್ದೆ ಎಂದೂ ಹೇಳಿಬಿಡುತ್ತೇನೆ. ಮುಳ್ಳುತಂತಿಯ ಕೆಳಗೆ ಹೊಟ್ಟೆಯ ಮೇಲೆ ತೆವಳಿ ಆಚೆ ಎದ್ದು, ಕೈ ಒರೆಸಿಕೊಳ್ಳೋಣವೆಂದು ಜೇಬಿಗೆ ಕೈ ಹಾಕಿದರೆ, ನೆನೆಸಿಟ್ಟ ಅವಲಕ್ಕಿಯಂಥದು ಏನೋ ಕೈಗೆ ಬಂತು.

ಬಾಲ್ಯದಲ್ಲಿ ಮಣ್ಣಲ್ಲಿ ಆಡಿದವರಿಗೆ ಇದೆಲ್ಲ ಹಳೆಯ ನೆನಪನ್ನು ತರುತ್ತದಂತೆ. ನನಗೆ ಯಾವ ನೆನಪೂ ಬರಲಿಲ್ಲ. ಮೈಸೂರಿನಲ್ಲಿ ನಮ್ಮ ಮನೆಯ ಮುಂದೆ ಮಕ್ಕಳು ಗೋಲಿಯ ಗುಳಿ ತೋಡುತ್ತಿದ್ದಾಗ ನಾನು ಜಗಲಿಯ ಮೇಲೆ ಬಿಳಿ ಕಾಲುಚೀಲ ಹಾಕಿಕೊಂಡು ಕೂತು, ಯಾರ ಗೋಲಿ ಎಷ್ಟು ಎಂದು ಹೇಳುವ ಕೆಲಸ ಮಾಡುತ್ತಿದ್ದೆ. ಯಾರೂ ಕೊಟ್ಟ ಕೆಲಸವಲ್ಲ ಅದು. ಜಗಳ ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು, ನಾನು ಹೇಳಿದ್ದೇ ಆಗುತ್ತಿತ್ತು, ಆಟಕ್ಕೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಒಮ್ಮೆ ಎದುರುಮನೆಯ ಹುಡುಗಿ ಕರೆದಳು. ನಾನು ಬೇಡ ಎಂದೆ. ಅವಳು ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಅವಳಮ್ಮ ಊಟಕ್ಕೆ ಕೂಗಿದರು.

ಹೀಗೆ ಕೆಸರಿನಿಂದ ಕೆಸರಿಗೆ ಹೋಗುತ್ತ ಗೋಡೆ ಬಂತು. ಹಲಗೆಯ ಗೋಡೆ, ನನ್ನ ಎತ್ತರಕ್ಕೆ ಇನ್ನರ್ಧ ಸೇರಿಸಿದಷ್ಟು. ಹಿಡಿಯಲು ಏನೂ ಇಲ್ಲ, ಮುಂದೆ ಹೋದವರ ಕೆಸರು ಮಾತ್ರ ಇದೆ. ನಮ್ಮ ಗುಂಪಿನವರು ಒಬ್ಬರ ಕೈ ಮೇಲೆ ಒಬ್ಬರು ಕಾಲಿಟ್ಟು ದಾಟಿದರು. ಕೊನೆಗೆ ಕೆಲ್ಲಿ ಗೋಡೆಯ ನೆತ್ತಿಯ ಮೇಲೆ ಕುದುರೆ ಹತ್ತಿದ ಹಾಗೆ ಕೂತು, ನನ್ನತ್ತ ಬಗ್ಗಿ, "ಕೈ ಕೊಡ್ಲಾ?" ಎಂದಳು. "ಇಲ್ಲ ಇಲ್ಲ, ಪರವಾಗಿಲ್ಲ, ನೀನು ಹೋಗು" ಎಂದೆ. "ಗುಡ್ ಆನ್ ಯೂ" ಎಂದು ಮೆಚ್ಚಿ, ಆಚೆ ಧುಮುಕಿ, ಹೊರಟೇಹೋದಳು.

ನನಗೆ ಕೈ ಬೇಕಿತ್ತು. ಅದು ನನಗೂ ಗೊತ್ತು, ಗೋಡೆಗೂ ಗೊತ್ತು.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ಉಪಚಾರ ಎನ್ನುವುದಕ್ಕೆ ಒಂದು ಕ್ರಮವಿದೆ, ನಿಮಗೂ ಗೊತ್ತಿರುತ್ತದೆ. ಯಾರ ಮನೆಗೆ ಹೋದರೂ ಮೊದಲ ಸಲ ತಟ್ಟೆ ಬಂದಾಗ, "ಬೇಡ, ಈಗ ತಾನೇ ತಿಂದ್ಕೊಂಡು ಬಂದ್ವಿ." ಎರಡನೇ ಸಲ, "ಅಯ್ಯೋ, ಸುಮ್ನೆ ನಿಮಗೆ ತೊಂದ್ರೆ." ಮೂರನೇ ಸಲ ಅವರ ಬಲವಂತಕ್ಕೆ ಸೋತವರ ಹಾಗೆ ಒಂದು ತೆಗೆದುಕೊಳ್ಳಬೇಕು. ಒಂದೇ ಸಲಕ್ಕೆ ಕೈ ಚಾಚಿದರೆ ಅಮ್ಮನ ಹುಬ್ಬು ಗಂಟಿಕ್ಕುತ್ತಿತ್ತು. ನಾವು ಚಿಕ್ಕವರಿದ್ದಾಗ ನಮ್ಮ ರಸ್ತೆಗೆ ಹೊಸದಾಗಿ ಒಂದು ಸಂಸಾರ ಬಂತು. ಅಮ್ಮ ನನ್ನನ್ನು ಕರೆದುಕೊಂಡು ಮಾತಾಡಿಸಲು ಹೋದರು. ಆ ಮನೆಯ ಹೆಂಗಸು ಒಂದು ತಟ್ಟೆ ತುಂಬ ಕೋಡುಬಳೆ ತಂದಿಟ್ಟರು, ಆಗ ತಾನೇ ಕರಿದದ್ದು, ಇನ್ನೂ ಚುರುಗುಟ್ಟುತ್ತಿತ್ತು. ಅಮ್ಮ "ಬೇಡಿ" ಎಂದರು. ಆಕೆ "ಓ, ಹೌದಾ" ಎಂದು ತಟ್ಟೆ ಎತ್ತಿಕೊಂಡು ಒಳಗಿಟ್ಟುಬಿಟ್ಟರು. ಆ ತಟ್ಟೆ ಪರದೆಯ ಹಿಂದೆ ಮರೆಯಾದ ರೀತಿ ಇವತ್ತಿಗೂ ನನ್ನ ಕಣ್ಣಲ್ಲಿದೆ. ವಾಪಸು ಬರುವಾಗ ಅಮ್ಮ ಅರ್ಧ ರಸ್ತೆ ಬಿರಬಿರನೆ ನಡೆದರು. ಆಮೇಲೆ, "ಒಂದ್ಸಲ ಕೇಳಿದ್ಲು, ಒಳಗಿಟ್ಲು. ಎಂಥ ಜನವೋ" ಎಂದರು. ಮನೆಗೆ ಬಂದು ನನಗೆ ಮೊಸರವಲಕ್ಕಿ ಕಲೆಸಿಕೊಟ್ಟರು, ಚಮಚವನ್ನು ಬಟ್ಟಲಿಗೆ ಕುಟ್ಟಿ ಕುಟ್ಟಿ.

ಈ ದೇಶದ ಜನ ಆ ಹೆಂಗಸಿನ ಬಳಗ. ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆ, ಅದನ್ನು ಮರ್ಯಾದೆ ಎಂದುಕೊಳ್ಳುತ್ತಾರೆ. ಇಷ್ಟು ವರ್ಷ ಇಲ್ಲಿದ್ದು ನನಗೆ ಇದು ಗೊತ್ತಿಲ್ಲವೆಂದಲ್ಲ. ಆಫೀಸಿನಲ್ಲಿ ಕೇಕ್ ಬಂದರೆ ಮೊದಲ ಸಲಕ್ಕೇ ಕೈ ಚಾಚುವುದನ್ನು ಕಲಿತಿದ್ದೇನೆ. ಆದರೆ ಮೈಯೆಲ್ಲ ಕೆಸರಾಗಿ, ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ ಬಾಯಿಂದ ಬರುವುದು ಕಲಿತದ್ದಲ್ಲ, ಬೆಳೆದದ್ದು. ಗೋಡೆಯ ಬುಡದಲ್ಲಿ ನಿಂತ ನನ್ನನ್ನು ದಾಟಿಹೋದವರೆಲ್ಲ ಕೇಳಿದರು, "ಹೆಲ್ಪ್ ಬೇಕಾ?" ನಾನು ಎಲ್ಲರಿಗೂ ಅದೇ ನಗು, ಅದೇ "ಪರವಾಗಿಲ್ಲ, ನೀವು ಹೋಗಿ." ಹೋಗುವವರನ್ನು ಬೀಳ್ಕೊಡಲು ನಿಲ್ಲಿಸಿದ ಹೆಣ್ಣಿನ ಹಾಗೆ ನಿಂತಿದ್ದೆ. ಯಾರೂ ಎರಡನೇ ಸಲ ಕೇಳಲಿಲ್ಲ.

ಆಮೇಲೆ ಒಬ್ಬಾಕೆ ಬಂದಳು. ಅರವತ್ತರ ಹತ್ತಿರದವಳು, ನರೆತ ಕೂದಲನ್ನು ಹೆಣೆದು ಕಟ್ಟಿದ್ದಳು, ಒಂಟಿಯಾಗಿ ಓಡುತ್ತಿದ್ದಳು. ಗೋಡೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಬೆನ್ನು ಗೋಡೆಗೆ ಕೊಡು. ಮಂಡಿ ಬಗ್ಗಿಸು" ಎಂದಳು. ನಾನು ಬಗ್ಗಿಸಿದೆ. ಅವಳು ನನ್ನ ತೊಡೆಯ ಮೇಲೊಂದು ಕಾಲು, ಭುಜದ ಮೇಲೊಂದು ಕಾಲು ಇಟ್ಟು ಮೇಲೆ ಹೋದಳು. ನನ್ನ ಬಾಯಿಗೆ ಬಂದ ಕೆಸರನ್ನು ಉಗುಳುತ್ತಿರುವಾಗ ಮೇಲಿನಿಂದ ಒಂದು ಕೈ ಇಳಿದು ನನ್ನ ಮಣಿಕಟ್ಟನ್ನು ಹಿಡಿಯಿತು. "ಪರವಾಗಿಲ್ಲ" ಎಂದು ಹೇಳಲು ಬಾಯಿ ತೆರೆದಿದ್ದೆ, ನಿಜವಾಗಿ ತೆರೆದಿದ್ದೆ. ಅಷ್ಟು ಹೊತ್ತಿಗೆ ನನ್ನ ಹೊಟ್ಟೆ ಗೋಡೆಯ ಅಂಚಿನ ಮೇಲಿತ್ತು. ಅವಳು ಒಂದೂ ಪ್ರಶ್ನೆ ಕೇಳಿರಲಿಲ್ಲ.

ಸಂಜೆ ಕೆಲ್ಲಿ ನನ್ನನ್ನು ಗ್ಲೆನ್ ವೇವರ್ಲಿಯ ಮನೆಯ ಮುಂದೆ ಇಳಿಸಿ ಹೋದಳು. ಬಾಗಿಲು ತೆಗೆದ ಚಿಕ್ಕಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಾರು ಬೇಕಿತ್ತಮ್ಮ?" ಎಂದರು. ಒಳಗಿನಿಂದ ಚಿಕ್ಕಮ್ಮ, "ಕಾರ್ಪೆಟ್ ಮೇಲೆ ಬಿಡಬೇಡಿ ಅವಳನ್ನ. ಹಿತ್ತಲಿಂದ ಬರಲಿ" ಎಂದು ಕೂಗಿದರು. ಹಿತ್ತಲಲ್ಲಿ, ಕರಿಬೇವಿನ ಕುಂಡದ ಪಕ್ಕ, ಚಿಕ್ಕಪ್ಪ ಪೈಪು ಹಿಡಿದು ಕಾರು ತೊಳೆಯುವ ಹಾಗೆ ನನ್ನನ್ನು ಸುತ್ತು ಬಂದರು. ಬಾಗಿಲಿಂದ ಬಚ್ಚಲವರೆಗೆ ಹಳೆಯ ಪೇಪರ್ ಹಾಸಿತ್ತು.

ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ಮೇಲೆ ಗೊತ್ತಾಯಿತು, ಕೈಗಳು ಭುಜದಿಂದ ಮೇಲೆ ಏಳುತ್ತಿಲ್ಲ. ತಲೆಗೆ ನೀರು ಹಾಕಿಕೊಳ್ಳಲಾಗಲಿಲ್ಲ. ಬೆನ್ನು ದೂರದ ಮಾತು. ಎದ್ದು ನಿಲ್ಲೋಣವೆಂದರೆ ತೊಡೆಗಳು ಬೇರೆಯವರ ತೊಡೆಗಳ ಹಾಗೆ ಸುಮ್ಮನಿದ್ದವು. ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಯಾರನ್ನಾದರೂ ಕರೆಯುವುದಕ್ಕಿಂತ ಅಲ್ಲೇ ಒಣಗಿಹೋಗುವುದು ಮೇಲು ಎಂದೂ ಅನ್ನಿಸಿತು. ಕೊನೆಗೆ ಹೊರಗಿನಿಂದ ಚಿಕ್ಕಮ್ಮನೇ, "ನೀರಿನ ಸದ್ದೇ ಇಲ್ವಲ್ಲ" ಎಂದು ಬಾಗಿಲು ತಳ್ಳಿದರು. ನಾನು ಟವೆಲ್ಲಿಗೆ ಕೈ ಚಾಚಲು ಹೋದೆ. ಕೈ ಏಳಲಿಲ್ಲ.

ಅವರು ಏನೂ ಕೇಳದೆ ಟಬ್ಬಿನ ಅಂಚಿನ ಮೇಲೆ ಕೂತು, ಚೊಂಬಿನಲ್ಲಿ ಬಿಸಿನೀರು ಮೊಗೆದು ಹಾಕಿದರು. ಹೆಸರುಹಿಟ್ಟು ಹಚ್ಚಿ ಬೆನ್ನು ತಿಕ್ಕಿದರು. ಕಿವಿಯ ಹಿಂದಿನ ಮಣ್ಣನ್ನು ಉಗುರಿನಿಂದ ತೆಗೆದರು. ಮಂಡಿಯ ತರಚು, ಪಕ್ಕೆಯ ನೀಲಿ ಕಲೆ, ಒಂದೊಂದನ್ನೂ ಡಾಕ್ಟರ ಬೆರಳಿನಿಂದ ಒತ್ತಿ ನೋಡಿ, "ಏನಿಲ್ಲ" ಎಂದರು. ಹತ್ತು ವರ್ಷದವಳಾದ ಮೇಲೆ ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ. ನಾನು ಗೋಡೆಯ ಟೈಲುಗಳನ್ನೇ ನೋಡುತ್ತಿದ್ದೆ, ಅವುಗಳ ಗೆರೆ ಸರಿಯಾಗಿ ಕೂಡಿದೆಯೇ ಎಂದು.

ಮುಗಿದ ಮೇಲೆ ಅವರು ಏಳಲು ಹೋದರು. ಎಡ ಮಂಡಿ ಲಟಕ್ ಎಂದಿತು, ಎದ್ದವರು ಅರ್ಧಕ್ಕೇ ಕೂತರು. ನಾನು ಸ್ಟೂಲಿನಿಂದಲೇ ಕೈ ನೀಡಿದೆ. "ಬೇಡ" ಎಂದು ಟವೆಲ್ ಕಂಬಿ ಹಿಡಿದು ಎದ್ದರು. ಕಂಬಿ ಒಂದು ಕಡೆ ಗೋಡೆಯಿಂದ ಕಿತ್ತು ಬಂತು. ಇಬ್ಬರೂ ಅದನ್ನು ನೋಡಿದೆವು.

ಭಾನುವಾರವಿಡೀ ನಾವಿಬ್ಬರೂ ಕುಂಟಿದೆವು. ನಾನು ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಆದರೂ ಒಂದು ಕಡೆ ಇರಲಾರೆ. ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ, ಗೋಡೆ ಹಿಡಿದುಕೊಂಡು ಓಡಾಡುತ್ತಲೇ ಇದ್ದೆ. ಎದುರಿಗೆ ಇನ್ನೊಂದು ಗೋಡೆ ಹಿಡಿದುಕೊಂಡು ಚಿಕ್ಕಮ್ಮ ಬರುತ್ತಿದ್ದರು. "ಈ ಮನೇಲಿ ನೆಟ್ಟಗೆ ನಡೆಯೋನು ನಾನೊಬ್ಬನೇ" ಎಂದು ಚಿಕ್ಕಪ್ಪ ಹೆಮ್ಮೆಯಿಂದ ಕಾಫಿ ತರಲು ಹೋದವರು, ಡಿಕಾಕ್ಷನ್ ಇಲ್ಲದ ಬಿಸಿ ಹಾಲು ತಂದರು.

ಕೇಳಬೇಕಾದ್ದನ್ನು ನಾನಿನ್ನೂ ಕೇಳಿರಲಿಲ್ಲ. ಬಾಯಿಗೆ ಬರುತ್ತಿತ್ತು, ಚಿಕ್ಕಮ್ಮ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದರು. ಮತ್ತೆ ಬರುತ್ತಿತ್ತು, ಅವರು ಚಿಕ್ಕಪ್ಪನ ಕಿವಿಯ ಮೆಷಿನ್ ಹುಡುಕುತ್ತಿದ್ದರು.

ಮಧ್ಯಾಹ್ನ ರಮಾ ಆಂಟಿ ಬಂದರು. ಎರಡು ರಸ್ತೆ ಆಚೆ ಇರುವವರು, ಚಿಕ್ಕಮ್ಮನ ಹಳೆಯ ಸ್ನೇಹಿತೆ. ಕೈಯಲ್ಲಿ ಬಿಸಿಬೇಳೆಬಾತಿನ ಡಬ್ಬ.

"ಆಪರೇಷನ್ ಆದ ದಿನದಿಂದ ಊಟ ನಮ್ಮನೆಯಿಂದ" ಎಂದರು.

"ಬೇಡ ರಮಾ, ಸುಮ್ನೆ ನಿನಗೆ ತೊಂದ್ರೆ."

"ತೊಂದ್ರೆ ಏನು ಬಂತು. ನಮಗೆ ಮಾಡ್ಕೊಳೋದೇ."

"ಬೇಡ ಕಣೇ. ಫ್ರೀಜರ್‌ನಲ್ಲಿ ಮಾಡಿಡ್ತೀನಿ."

"ಫ್ರೀಜರ್ ಸಾರು ತಿಂದು ಎದ್ದು ಓಡಾಡ್ತೀರಾ ನೀವು? ಕಳಿಸ್ತೀನಿ ಅಂದ್ರೆ ಕಳಿಸ್ತೀನಿ."

"ಸರಿ. ಖಾರ ಕಮ್ಮಿ ಹಾಕು, ಇವರಿಗೆ ಆಗಲ್ಲ."

ನಾನು ಮೂಲೆಯಲ್ಲಿ ಗೋಡೆಗೆ ಒರಗಿ ನಿಂತು ಇದನ್ನು ಅಂಕಿ ತಾಳೆ ನೋಡುವವಳ ಹಾಗೆ ಕೇಳಿಸಿಕೊಳ್ಳುತ್ತಿದ್ದೆ. ಕ್ರಮ ತಪ್ಪಿರಲಿಲ್ಲ. ಹಾಗಾದರೆ ಫೋನಿನಲ್ಲಿ ಅಂದ 'ಬೇಡ'ವೂ ಮೊದಲನೆಯದೇ ಇರಬೇಕು. ಎರಡನೆಯದಕ್ಕೆ ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ.

ಆದರೆ ರಮಾ ಆಂಟಿ ಮುಂದುವರಿದರು. "ರಾತ್ರಿ ನಾನೇ ಬಂದು ಮಲಗ್ತೀನಿ. ಬಾತ್‌ರೂಮಿಗೆ ಹೋಗೋಕೆ ಒಬ್ಬರು ಬೇಡ್ವಾ?"

"ಬೇಡ" ಎಂದರು ಚಿಕ್ಕಮ್ಮ.

ಅಷ್ಟೇ. ದನಿ ಏರಲಿಲ್ಲ. ಮುಖ ಮಾತ್ರ ಅಂಗಡಿಯ ಶಟರ್ ಎಳೆದ ಹಾಗೆ ಮುಚ್ಚಿತು. ರಮಾ ಆಂಟಿ ಮಾತು ಬದಲಿಸಿ ಬಿಸಿಬೇಳೆಬಾತಿನ ಪುಡಿ ಯಾವ ಅಂಗಡಿಯದು ಎಂದು ಹೇಳತೊಡಗಿದರು. ನಾನು ಮತ್ತೆ ಕಿಟಕಿಗೆ ಹೋದೆ. ಈಗ ಎರಡು ಬಗೆಯ ಬೇಡ ಸಿಕ್ಕಿತ್ತು, ಫೋನಿನಲ್ಲಿ ನನಗೆ ಅಂದದ್ದು ಯಾವುದು ಎಂದು ಮಾತ್ರ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಏರ್‌ಪೋರ್ಟಿಗೆ ತಾವೇ ಬಿಡುತ್ತೇನೆಂದು ಚಿಕ್ಕಮ್ಮ ಹಟ ಹಿಡಿದರು. "ಆಟೋಮ್ಯಾಟಿಕ್ ಕಾರು, ಎಡಗಾಲಿಗೆ ಏನೂ ಕೆಲಸ ಇಲ್ಲ" ಎಂದರು. ಕಾರಿಗೆ ಹತ್ತಲು ನನಗೆ ಅವರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಫ್ರೀವೇಗೆ ಬಂದ ಮೇಲೆ, ಇಬ್ಬರೂ ಮುಂದೆ ನೋಡುತ್ತ ಕೂತಿದ್ದರಿಂದಲೋ ಏನೋ, ಮಾತು ಹೊರಬಂತು.

"ಚಿಕ್ಕಮ್ಮ, ಆಪರೇಷನ್‌ಗೆ ನಾನು ಬರ್ತೀನಿ."

"ಬೇಡ ಅಂದ್ನಲ್ಲ."

"ಬರ್ತೀನಿ."

"ಬಂದ್ರೆ ನಾನು ನಿನಗೆ ಅಡುಗೆ ಮಾಡ್ಬೇಕು."

"ರಮಾ ಆಂಟಿ ಕಳಿಸ್ತಾರೆ. ನಾನೂ ಖಾರ ಕಮ್ಮಿನೇ ತಿನ್ನೋದು."

"ರಜಾ ಎಲ್ಲಿದೆ ನಿನಗೆ?"

"ಲ್ಯಾಪ್‌ಟಾಪ್ ಇದೆ. ಬರ್ಲಾ?"

ಅವರು ಕನ್ನಡಿ ನೋಡಿ ಲೇನ್ ಬದಲಿಸಿದರು. ಬದಲಿಸುವ ಅಗತ್ಯವಿರಲಿಲ್ಲ. ಸ್ವಲ್ಪ ದೂರ ಹೋಗಿ ಮತ್ತೆ ಹಳೆಯ ಲೇನಿಗೇ ಬಂದರು. ನಾನು ಕುಣಿಯತೊಡಗಿದ ಬಲಗಾಲನ್ನು ಕೈಯಲ್ಲಿ ಹಿಡಿದು ಕೂತಿದ್ದೆ.

"ಮೂರು ಸಲ ಕೇಳಿದೆ. ಇನ್ನೊಂದು ಸಲ ಕೇಳ್ತೀನಿ" ಎಂದೆ.

"ಎಣಿಸ್ತಾ ಇದೀಯಾ?"

"ಅದೇ ತಾನೇ ನನ್ನ ಕೆಲಸ."

ಅವರು ನಗಲಿಲ್ಲ. ಹಿಂದಿನಿಂದ ಬಂದ ಒಂದು ಲಾರಿಗೆ ದಾರಿ ಬಿಟ್ಟರು. ಆಮೇಲೆ ರಸ್ತೆಗೆ ಹೇಳುವ ಹಾಗೆ ಹೇಳಿದರು.

"ನೋಡು, ಮೂವತ್ತು ವರ್ಷ ನಾನು ಜನರನ್ನ ಮಲಗಿಸಿ ಎಬ್ಬಿಸಿದೀನಿ. ಏಳುವಾಗ ಏನೇನು ಮಾತಾಡ್ತಾರೆ ಅಂತ ನನಗೆ ಗೊತ್ತು. ಒಬ್ಬ ದೊಡ್ಡ ವಕೀಲ, ಆರಡಿ ಆಳು, ನಾಯಿಮರಿ ಬೇಕು ಅಂತ ಅಳ್ತಾ ಇದ್ದ. ಒಬ್ಬಾಕೆ ಗಂಡನ್ನ ಪಕ್ಕದಲ್ಲಿಟ್ಟುಕೊಂಡು ಇನ್ಯಾರನ್ನೋ ಕರೆದಳು. ಅವರಿಗೆ ಆಮೇಲೆ ನೆನಪಿರಲ್ಲ. ನಮಗಿರುತ್ತೆ."

"ನೀವು ಅಂಥದ್ದೇನು ಹೇಳ್ತೀರಿ?"

"ಏನು ಹೇಳ್ತೀನೋ. ಅದೇ ಗೊತ್ತಿಲ್ಲ. ಹೇಳಿದ್ರೆ ಇಂಗ್ಲಿಷ್‌ನಲ್ಲಂತೂ ಹೇಳಲ್ಲ. ನರ್ಸ್‌ಗಳಿಗೆ ಅರ್ಥ ಆಗಲ್ಲ. ನಿಮ್ಮ ಚಿಕ್ಕಪ್ಪನಿಗೆ ಕೇಳಿಸಲ್ಲ. ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ನೀನೊಬ್ಬಳು ಬಂದು ಪಕ್ಕದಲ್ಲಿ ಕೂತರೆ ಎಲ್ಲಾ ಅರ್ಥ ಆಗೋದು ನಿನಗೊಬ್ಬಳಿಗೇ."

ನಮ್ಮ ತಲೆಯ ಮೇಲೆ ಒಂದು ವಿಮಾನ ಬಹಳ ಕೆಳಗೆ ಇಳಿದು ಹೋಯಿತು. ಇದು ಉಪಚಾರದ ಬೇಡವಲ್ಲ, ಶಟರಿನ ಬೇಡವೂ ಅಲ್ಲ. ನನ್ನ ಜಾತಿಯ ಬೇಡ. ನಾನೇ ಅವರ ಜಾಗದಲ್ಲಿದ್ದಿದ್ದರೆ ಇದೇ ಲೆಕ್ಕ ಹಾಕುತ್ತಿದ್ದೆ, ಕಿವಿ ಕೇಳದವರನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ.

"ನಾನು ಯಾರಿಗಾದ್ರೂ ಏನಾದ್ರೂ ಹೇಳಿದ್ದನ್ನ ನೀವು ನೋಡಿದೀರಾ?" ಎಂದೆ.

ಚಿಕ್ಕಮ್ಮ ಯೋಚಿಸಿದರು. "ಈ ಓಟದ ವಿಷಯ ನಿಮ್ಮಮ್ಮನಿಗೆ ಹೇಳಿದೀಯಾ?"

"ಇಲ್ಲ."

"ಸಿಡ್ನಿ ಮನೆ ಬದಲಾಯಿಸಿದ್ದು?"

"ಅದೂ ಇಲ್ಲ."

"ನನಗೂ ಹೇಳಿರಲಿಲ್ವಲ್ಲೇ ಅದನ್ನ, ಕಳಿಸಿದ ಪಾರ್ಸೆಲ್ ವಾಪಸು ಬಂದಾಗ ಗೊತ್ತಾಯ್ತು" ಎಂದು ಈಗ ನಕ್ಕರು. ಗಾಡಿ ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದರು. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ನಾನು ಎರಡೂ ಕೈಯಲ್ಲಿ ಬಾಗಿಲು ಹಿಡಿದು, ಒಂದೊಂದೇ ಕಾಲು ಹೊರಗಿಟ್ಟು, ನರಳುತ್ತ ಇಳಿಯುತ್ತಿದ್ದಾಗ ಒಳಗಿನಿಂದ ಹೇಳಿದರು. "ಹಿಂದಿನ ದಿನವೇ ಬಾ. ಆಸ್ಪತ್ರೆಗೆ ನನ್ನ ದಿಂಬು ತರಬೇಕು. ಇವರಿಗೆ ಹೇಳಿದ್ರೆ ಕುರ್ಚಿ ದಿಂಬು ತರ್ತಾರೆ."

ಹಿಂದಿನ ದಿನವೇ ಹೋದೆ. ದಿಂಬು ತೆಗೆದುಕೊಂಡು ಹೋದೆ. ಆಪರೇಷನ್ ಮುಗಿದು ಮಧ್ಯಾಹ್ನ ಅವರನ್ನು ವಾರ್ಡಿಗೆ ತಂದಾಗ ಮಂಪರು ಪೂರ್ತಿ ಇಳಿದಿರಲಿಲ್ಲ. ಚಿಕ್ಕಪ್ಪ ಕಿಟಕಿಯ ಬಳಿ ಪೇಪರ್ ಓದುತ್ತಿದ್ದರು. ಕಣ್ಣು ಮುಚ್ಚಿಕೊಂಡೇ ಚಿಕ್ಕಮ್ಮ ಮಾತಾಡಲು ಶುರುಮಾಡಿದರು. ಅವರೇ ಹೇಳಿದ್ದ ಹಾಗೆ ಕನ್ನಡದಲ್ಲಿ, ಅವರದಲ್ಲದ ಒಂದು ಎಳೆಯ ದನಿಯಲ್ಲಿ, ನಾನು ಹುಟ್ಟುವ ಮೊದಲಿನ ಯಾವುದೋ ಮಧ್ಯಾಹ್ನದೊಳಗಿನಿಂದ. ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. ಬಹಳ ಹೊತ್ತು ಮಾತಾಡಿದರು. ಒಮ್ಮೆ ಉತ್ತರ ಬೇಕೆಂಬಂತೆ ನಿಲ್ಲಿಸಿದರು. ನಾನು "ಹೂಂ" ಎಂದೆ. ಮುಂದುವರಿಸಿದರು.

ಡ್ರಿಪ್ ನೋಡಲು ಬಂದ ನರ್ಸ್ ಮಂಚದ ಬಳಿ ನಿಂತು ಕಿವಿಗೊಟ್ಟಳು. "ಏನು ಹೇಳ್ತಿದಾರೆ? ನೋವಿದೆಯಂತಾ?" ಎಂದು ನನ್ನನ್ನು ಕೇಳಿದಳು.

"ಇಲ್ಲ, ನೀರು ಕೇಳ್ತಿದಾರೆ" ಎಂದೆ.

ಅವಳು ಹೋಗಿ ಪುಟ್ಟ ಕಪ್ಪಿನಲ್ಲಿ ಐಸಿನ ಚೂರುಗಳನ್ನು ತಂದುಕೊಟ್ಟಳು. ಪೇಪರಿನ ಹಿಂದಿನಿಂದ ಚಿಕ್ಕಪ್ಪ, "ಏನಂತೆ?" ಎಂದರು. "ನೀರಂತೆ" ಎಂದು ಗಟ್ಟಿಯಾಗಿ ಹೇಳಿ, ನಾನು ಒಂದು ಚೂರನ್ನು ಚಿಕ್ಕಮ್ಮನ ತುಟಿಗೆ ಹಿಡಿದೆ. ಅವರು ಬೇಡ ಎನ್ನದೆ ಬಾಯಿ ತೆರೆದರು.